ಅಂಚಿನ ಡೊಂಕು



ಉಕ್ಕಿನ ತಗಡಿನ ಅಂಚು ಡೊಂಕಾಗುವುದನ್ನು ಕುರಿತು ಇಪ್ಪತ್ತು ನಿಮಿಷ ಮಾತನಾಡುವೆನೆಂದರೆ ನಿಮ್ಮಲ್ಲಿ ಅನೇಕರು ಮುಗುಳುನಗೆ ನಗಬಹುದು. ಕೆಲವು ವರ್ಷಗಳ ಹಿಂದೆ ನಾನೂ ನಗುತ್ತಿದ್ದೆನೋ ಏನೋ. ಒಂದು ಆಯುಧಪೂಜೆಯ ದಿನ ನಡೆದ ಸಂಗತಿಯು ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು. ಅದನ್ನೇ ಮೊದಲು ಅರಿಕೆಮಾಡುತ್ತೇನೆ.

ನನ್ನಲ್ಲಿ ಹಿಂದೆ ಭೌತವಿಜ್ಞಾನವನ್ನು ಓದಿದ ಶಿಷ್ಯನೊಬ್ಬನು ಬೆಂಗಳೂರಿನ ಹೊರಭಾಗದಲ್ಲಿ ಚಿಕ್ಕದೊಂದು ಪ್ರೆಸ್ಸಿನ ಕಾರ್ಖಾನೆಯನ್ನು ನಡೆಸುತ್ತಾನೆ. ತುಕ್ಕುಹಿಡಿಯದ ಉಕ್ಕಿನ, ಎಂದರೆ ಎಲ್ಲರೂ ಸ್ಟೀಲೆಂದೇ ಕರೆಯುವ ಸ್ಟೇನ್‌ಲೆಸ್ ಸ್ಟೀಲಿನ, ಪಟ್ಟಿಯಿಂದ ವಾಷರುಗಳನ್ನು ಕತ್ತರಿಸುವುದು ಅವನ ಕಸುಬು. ಪಟ್ಟಿಯ ಅಗಲ 2 ಅಂಗುಲ. ವಾಷರಿನ ಅಗಲ ಒಂದೂಮುಕ್ಕಾಲು ಅಂಗುಲ. ಎರಡು ಪಕ್ಕಗಳಲ್ಲಿಯೂ ಅರೆಪಾವು ಅಂಗುಲ, ಎಂದರೆ ಎಂಟರಲ್ಲೊಂದು ಅಂಗುಲ ಮಾತ್ರ ಉಳಿಯುತ್ತದೆ. ಪೂಜೆಗೆ ಬರಬೇಕೆಂದು ಅವನು ಕರೆದಿದ್ದನು; ಹೋದೆನು. ಯಂತ್ರಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದಾಗಿತ್ತು. ಎಲ್ಲರೂ ತಂತಮ್ಮ ಯಂತ್ರದ ಬಳಿ ನಿಂತು ಮಂಗಳಾರತಿ ತೆಗೆದುಕೊಂಡರು. ಒಬ್ಬರು ಮಾತ್ರ, ಕೂದಲು ನರೆತ ಹಿರಿಯ ಕೆಲಸಗಾರರು, ಬಾಗಿಲ ಬಳಿ ನಿಂತಿದ್ದರು. ಅವರ ಮುಂದೆ ಯಂತ್ರವಿರಲಿಲ್ಲ.

ಏಕೆಂದು ಕೇಳಿದೆನು. ಶಿಷ್ಯನು ನನ್ನನ್ನು ಒಂದು ಪೀಪಾಯಿಯ ಬಳಿಗೆ ಕರೆದೊಯ್ದನು. ಅದರ ತುಂಬ ಹಾಳಾದ ವಾಷರುಗಳು. ಹುಣ್ಣಿಮೆಯ ಮಾರನೆಯ ದಿನದ ಚಂದ್ರನಂತೆ ಒಂದೊಂದರ ಅಂಚಿನಲ್ಲಿಯೂ ಒಂದು ಚೂರು ಕಡಮೆ. "ವಯಸ್ಸಾಯಿತು ಸಾರ್, ಕೈ ನಿಲ್ಲುವುದಿಲ್ಲ. ಪಟ್ಟಿ ನೆಟ್ಟಗೆ ಹೋಗಲೆಂದು ಇಟ್ಟಿರುವ ಗೈಡನ್ನು ಅವರೇ ಸಡಿಲಮಾಡಿದ್ದಾರೆ. ನಾನೇ ಕಣ್ಣಾರೆ ಕಂಡೆ. ಅಣ್ಣ ನಮ್ಮ ತಂದೆಯ ಕಾಲದಿಂದ ಇದ್ದಾರೆ, ಏನು ಮಾಡಲಿ? ಈ ತಿಂಗಳು ಸಂಬಳದಲ್ಲಿ ಸ್ವಲ್ಪ ಹಿಡಿದೆ, ಮುಂದಿನ ತಿಂಗಳಿಂದ ಕಾವಲಿಗೆ ಹಾಕೋಣವೆಂದಿದ್ದೇನೆ" ಎಂದನು.

ನಾನು ಆ ಹಿರಿಯರನ್ನು ಮಾತನಾಡಿಸಿದೆನು. ಅವರು ಹೇಳಿದ್ದು ಇಷ್ಟು: "ಪಟ್ಟಿಯೇ ಎಳೆಯುತ್ತೆ ಸ್ವಾಮಿ. ಕೆಲವು ಸುರುಳಿ ನನ್ನ ಕಡೆಗೆ ವಾಲುತ್ತೆ, ಕೆಲವು ಆ ಕಡೆಗೆ ವಾಲುತ್ತೆ, ಕೆಲವು ಸಾಧುಪ್ರಾಣಿ ಹಾಗೆ ನೆಟ್ಟಗೆ ಹೋಗುತ್ತೆ. ಗೈಡು ಬಿಗಿಯಿದ್ದರೆ ಹಿಡಕೊಂಡುಬಿಡುತ್ತೆ. ಅದಕ್ಕೇ ಸಡಿಲ ಮಾಡಿದೆ."

ವಿಜ್ಞಾನವನ್ನು ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಈ ಮಾತಿನಲ್ಲಿ ಸಾಕ್ಷ್ಯವಿದೆಯೆಂದು ಕೂಡಲೆ ಹೊಳೆಯಬೇಕಾಗಿತ್ತು. ನನಗೆ ಹೊಳೆದದ್ದು ಎರಡನೆಯ ಲೋಟ ಕಾಫಿಯ ಹೊತ್ತಿಗೆ. ನಡುಗುವ ಕೈ ಮಾಡುವ ತಪ್ಪು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಗೊತ್ತುಗುರಿಯಿಲ್ಲದೆ ಬೀಳುತ್ತದೆ. ಒಂದು ಸುರುಳಿ ಮುಗಿಯುವವರೆಗೂ ಒಂದೇ ಕಡೆಗೆ ತಪ್ಪಿ, ಸುರುಳಿ ಬದಲಾದೊಡನೆ ತಾನೂ ಪಕ್ಕ ಬದಲಾಯಿಸುವ ನಡುಕವನ್ನು ಯಾವ ವೈದ್ಯನೂ ಕಂಡಿರಲಾರನು. ಹಾಳಾದ ವಾಷರುಗಳನ್ನು ಸುರುಳಿಗನುಸಾರವಾಗಿ ಬೇರೆಬೇರೆ ಇಟ್ಟಿದ್ದರೆ ಪೀಪಾಯಿಯೇ ಸಾಕ್ಷಿ ಹೇಳುತ್ತಿತ್ತು, ಎಲ್ಲವನ್ನೂ ಬೆರೆಸಿಬಿಟ್ಟಿದ್ದರು.

ಗಾರೆಯವರು ಗೋಡೆಗೆ ಹಿಡಿಯುವಂತೆ ನಾವೂ ದಾರ ಹಿಡಿದೆವು. ವಾಲುವ ಸುರುಳಿಯೊಂದರಿಂದ 8 ಅಡಿಗಿಂತ ಸ್ವಲ್ಪ ಹೆಚ್ಚು ಪಟ್ಟಿಯನ್ನು ಬಿಚ್ಚಿ, ಕತ್ತರಿಸಿ, ಸಮನಾದ ಸಿಮೆಂಟು ನೆಲದ ಮೇಲೆ ಯಾರೂ ಅದುಮದಂತೆ ಮಲಗಿಸಿ, ಅದರ ಒಳಬಾಗಿದ ಪಕ್ಕದಲ್ಲಿ ಒಂದು ಕೊನೆಯಿಂದ 8 ಅಡಿಯ ಗುರುತಿನವರೆಗೆ ದಾರವನ್ನು ಬಿಗಿದೆವು. ನಡುವೆ ದಾರಕ್ಕೂ ಅಂಚಿಗೂ ಇದ್ದ ಸಂದು ಅರ್ಧ ಅಂಗುಲ. ಬೇರೆ ಸಲಕರಣೆ ಬೇಕಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿಯೂ ಅಳತೆಯ ಕ್ರಮ ಇದೇ, ದಾರಕ್ಕೆ ಬದಲು ಉಕ್ಕಿನ ನೇರಗೋಲನ್ನು ಇಡುತ್ತಾರೆ, ಅಷ್ಟೆ. ಈ ಸಂದಿಗೆ ಇಂಗ್ಲಿಷಿನಲ್ಲಿ ಕ್ಯಾಂಬರ್ ಎಂದು ಹೆಸರು. ಜರ್ಮನರು ಇದನ್ನು ಸವಾರರ ಬಾಗುಗತ್ತಿಯ ಹೆಸರಿನಿಂದ ಕರೆಯುತ್ತಾರೆ. ನಮ್ಮ ಹಿರಿಯರು 'ವಾಲು' ಎಂದರು. ಅಮೆರಿಕದ ಪ್ರಮಾಣಪತ್ರಗಳ ಪ್ರಕಾರ ಒಂದೂವರೆ ಅಂಗುಲಕ್ಕಿಂತ ಹೆಚ್ಚು ಅಗಲವಾದ ತಣ್ಣುರುಳೆಯ ಪಟ್ಟಿಗೆ 8 ಅಡಿಯಲ್ಲಿ ಕಾಲು ಅಂಗುಲದವರೆಗೆ ಮಾಫಿಯುಂಟು. ಇಲ್ಲಿದ್ದದ್ದು ಅದರ ಇಮ್ಮಡಿ.

ಅರ್ಧ ಅಂಗುಲವೆಂದರೆ ಏನು ಮಹಾ ಎನ್ನಬೇಡಿರಿ. ಇಲ್ಲಿ ಸ್ವಲ್ಪ ಲೆಕ್ಕಕ್ಕೆ ಅಪ್ಪಣೆಯಾಗಬೇಕು. ಈ ಡೊಂಕು ಕಬ್ಬಿಣದ ಸಲಾಕೆಯನ್ನು ಮೊಳಕಾಲಿಗೆ ಕೊಟ್ಟು ಬಗ್ಗಿಸಿದಂಥ ಡೊಂಕಲ್ಲ. ಎತ್ತಿನ ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಷ್ಟೆ. ಎರಡು ಚಕ್ರಗಳ ಜಾಡುಗಳೇ ನಮ್ಮ ಪಟ್ಟಿಯ ಎರಡು ಅಂಚುಗಳೆಂದು ತಿಳಿಯಿರಿ. ಹೊರಗಿನ ಅಂಚು ಒಳಗಿನದಕ್ಕಿಂತ ಉದ್ದವಾಗಿರುವುದರಿಂದಲೇ ಪಟ್ಟಿ ಡೊಂಕು. ಡೊಂಕೆಂಬುದು ಉದ್ದದ ವ್ಯತ್ಯಾಸಕ್ಕೆ ಇನ್ನೊಂದು ಹೆಸರು. ಆ 2 ಅಂಗುಲದ ಪಟ್ಟಿಯಲ್ಲಿ 8 ಅಡಿಗೆ ಈ ವ್ಯತ್ಯಾಸ ಅಂಗುಲದ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಕಣ್ಣಿಗೆ ಕಾಣಿಸದು, ಕೈಗೆ ತಿಳಿಯದು. ಆದರೆ ಅದೇ ಪಟ್ಟಿ 192 ಅಡಿ ತ್ರಿಜ್ಯದ ವೃತ್ತದ ಒಂದು ತುಂಡಾಗಿರುತ್ತದೆ.

ಇನ್ನೊಂದು ವಿಶೇಷವುಂಟು. ಸಂದು ಉದ್ದದ ವರ್ಗಕ್ಕನುಸಾರವಾಗಿ ಬೆಳೆಯುತ್ತದೆ. ಉದ್ದವನ್ನು ಇಮ್ಮಡಿಸಿದರೆ ಸಂದು ನಾಲ್ಮಡಿ, ಅರ್ಧಮಾಡಿದರೆ ಕಾಲುಭಾಗ. ಆದಕಾರಣ ಅಂಗೈಯಗಲದ ತುಂಡನ್ನು ಹಿಡಿದು "ನೋಡಿ, ನೆಟ್ಟಗಿದೆ" ಎಂದು ವಾದಿಸುವ ವರ್ತಕನ ಮಾತೂ ನಿಜ, ಎಂಟಡಿಯ ಆಚೆ ನಿಂತು ಪಟ್ಟಿಯನ್ನು ಒಡ್ಡುವ ಕೆಲಸಗಾರನ ಮಾತೂ ನಿಜ. ಕಾಲು ಅಂಗುಲದ ಮಾಫಿಯೊಳಗೇ ಇರುವ 2 ಅಡಿ ಅಗಲದ ಪಟ್ಟಿಯೊಂದನ್ನು ತೆಗೆದುಕೊಳ್ಳಿರಿ. ದಪ್ಪ ಅರ್ಧ ಮಿಲಿಮೀಟರು, ತೂಕ 2 ಟನ್ನು. ಅದನ್ನು ಮೈದಾನದಲ್ಲಿ ಬಿಚ್ಚುತ್ತ ಹೋದರೆ ಸುಮಾರು 2,700 ಅಡಿಯಾಗುತ್ತದೆ. ಉದ್ದಕ್ಕೂ ಡೊಂಕು ಒಂದೇ ಸಮನಾಗಿದ್ದರೆ ಸುಮಾರು 2,400 ಅಡಿ ಹೋಗುವಷ್ಟರಲ್ಲಿ ಪಟ್ಟಿಯ ಕೊನೆ ಸುತ್ತು ಹಾಕಿಕೊಂಡು ಬಂದು ತನ್ನ ಮೊದಲನ್ನೇ ಮುಟ್ಟುತ್ತದೆ! ಪ್ರಮಾಣಪತ್ರದ ಪ್ರಕಾರ ಇದು ನಿರ್ದುಷ್ಟವಾದ ಸರಕು.

ಒಂದು ಅಂಚು ಇನ್ನೊಂದಕ್ಕಿಂತ ಉದ್ದವಾಗುವುದು ಹೇಗೆ? ಅಡಿಗೆಮನೆಯಲ್ಲಿ ಲಟ್ಟಣಿಗೆ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಬಲಗೈ ಭಾರವಾಗಿ ಬಿದ್ದರೆ ಚಪಾತಿ ಬಲಕ್ಕೆ ತೆಳ್ಳಗಾಗಿ ಹೆಚ್ಚು ಓಡುತ್ತದೆ. ಉಕ್ಕಿನ ಗಿರಣಿಯಲ್ಲಿ ಎರಡು ಉರುಳೆಗಳ, ಎಂದರೆ ರೋಲರುಗಳ, ನಡುವೆ ಲೋಹವನ್ನು ಹಾಯಿಸುತ್ತಾರೆ. ಅಗಲವಾದ ತಗಡು ಉರುಳೆಯ ಕೆಳಗೆ ಪಕ್ಕಕ್ಕೆ ಹರಡುವುದು ಅತ್ಯಲ್ಪ. ದಪ್ಪದಲ್ಲಿ ಕಳೆದದ್ದೆಲ್ಲ ಉದ್ದದಲ್ಲಿ ಸೇರಲೇಬೇಕು. ಉರುಳೆಗಳ ಸಂದು ಒಂದು ಕಡೆ ಕಿರಿದಾದರೆ ಆ ಕಡೆಯ ಅಂಚು ಹೆಚ್ಚು ಉದ್ದವಾಗುತ್ತದೆ. ತಗಡು ಇನ್ನೊಂದು ಕಡೆಗೆ ಬಾಗುತ್ತದೆ. ಕುಲುಮೆಯಿಂದ ಬಂದ ದಪ್ಪ ಹಲಗೆಯ ಒಂದು ಪಕ್ಕ ಆರಿದ್ದರೆ ಆ ಪಕ್ಕ ಗಟ್ಟಿಯಾಗಿ ನಿಂತು ಕಡಮೆ ಓಡುತ್ತದೆ. ಹಲಗೆ ತಣ್ಣಗಿರುವ ಕಡೆಗೆ ಬಾಗುತ್ತದೆ. ಹಲಗೆಯನ್ನು ನಡುವಿಗೆ ಸರಿಯಾಗಿ ಕೊಡದೆ ಒಂದು ಪಕ್ಕಕ್ಕೆ ಕೊಟ್ಟರೂ, ಉರುಳೆ ಒಂದು ಕಡೆ ಸವೆದಿದ್ದರೂ ಫಲ ಇದೇ. 2 ಮಿಲಿಮೀಟರು ದಪ್ಪದ ತಗಡಿನಲ್ಲಿ ಮಿಲಿಮೀಟರಿನ ನೂರರಲ್ಲೊಂದು ಪಾಲು ಒಂದಂಚಿನಲ್ಲಿ ಹೆಚ್ಚಾಗಿ ಒತ್ತಿದರೆ ಅದು ಇನ್ನೂರರಲ್ಲೊಂದು ಪಾಲು. ಈಗತಾನೆ ಮೈದಾನದಲ್ಲಿ ಸುತ್ತು ಹಾಕಿಸಿದೆವಲ್ಲ, ಆ 2 ಅಡಿಯ ಪಟ್ಟಿಗೆ ಬೇಕಾದ ವ್ಯತ್ಯಾಸ ಹೆಚ್ಚುಕಡಮೆ ಅಷ್ಟೇ. ತಣ್ಣಗೆ ಉರುಳಿಸುವಾಗ ಎರಡು ಕಡೆಯಿಂದಲೂ ಬಿಗಿಯಾಗಿ ಎಳೆದು ಹಿಡಿದಿರುವುದರಿಂದ ಇಷ್ಟೂ ಡೊಂಕಾಗಿಯೇ ಹೊರಬೀಳುವುದಿಲ್ಲ, ನಿಜ. ಆದರೂ ಕೆಲಸದ ಸೂಕ್ಷ್ಮತೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಉರುಳೆಯವನಿಗೆ ಒಂದು ಧರ್ಮಸಂಕಟವುಂಟು. ಇದನ್ನು ತಿಳಿದ ಮೇಲೆ ನನಗೆ ಅವನಲ್ಲಿ ಗೌರವ ಹುಟ್ಟಿತು. ಅವನ ಕೈಗೆ ಬರುವ ತಗಡೇ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದೆಯೆನ್ನೋಣ. ಎರಡು ಕಡೆಯಲ್ಲಿಯೂ ಒಂದೇ ಪ್ರಮಾಣದಲ್ಲಿ, ಹತ್ತಕ್ಕೆ ಎರಡರಂತೆ, ಇಳಿಸಿದನಾದರೆ ಎರಡಂಚೂ ಒಂದೇ ಉದ್ದ. ತಗಡು ನೆಟ್ಟಗೆ ಬರುತ್ತದೆ, ಆದರೆ ದಪ್ಪದ ದೋಷ ಹಾಗೆಯೇ ಉಳಿಯುತ್ತದೆ. ದಪ್ಪವನ್ನು ಸರಿಪಡಿಸೋಣವೆಂದು ಎರಡು ಕಡೆಯನ್ನೂ ಸಮಮಾಡಿದನೋ, ದಪ್ಪವಿದ್ದ ಕಡೆಯನ್ನು ಹೆಚ್ಚು ಒತ್ತಿದಂತಾಯಿತು. ಆ ಅಂಚು ಉದ್ದವಾಗಿ ತಗಡು ಡೊಂಕಾಗುತ್ತದೆ. ಒಂದು ತಪ್ಪನ್ನು ತಿದ್ದಿದ್ದೇ ಇನ್ನೊಂದಕ್ಕೆ ಜನ್ಮಕೊಟ್ಟಿತು. ಲೋಹವು ಕೆಂಪಗೆ ಕಾದು ದಪ್ಪವಾಗಿರುವಾಗ ಅದಕ್ಕೆ ಪಕ್ಕಕ್ಕೆ ಸರಿಯಲು ಸ್ವಲ್ಪವಾದರೂ ಎಡೆಯುಂಟು, ಆಗಲೇ ತಿದ್ದಬೇಕು. ತೆಳ್ಳಗಾದ ಮೇಲೆ ತಿದ್ದುವ ಪ್ರಯತ್ನವೆಲ್ಲ ಉದ್ದದ ಲೆಕ್ಕಕ್ಕೇ ಬರೆಯಲ್ಪಡುತ್ತದೆ.

ಉದ್ದದ ವ್ಯತ್ಯಾಸ ಯಾವಾಗಲೂ ಡೊಂಕಾಗಿಯೇ ತೋರುವುದಿಲ್ಲ. ಒಂದಂಚಿನಿಂದ ಇನ್ನೊಂದಂಚಿನವರೆಗೆ ಅದು ಒಂದೇ ಸಮನಾಗಿ ಏರುತ್ತ ಹೋದರೆ ತಗಡು ನೆಲದ ಮೇಲೆ ಚಪ್ಪಟೆಯಾಗಿಯೇ ಮಲಗಿ ಬಾಗುತ್ತದೆ. ಎರಡಂಚೂ ಉದ್ದವಾಗಿ ನಡು ಗಿಡ್ಡವಾದರೆ, ಅಥವಾ ನಡುವೇ ಉದ್ದವಾದರೆ, ಬಾಗುವುದಕ್ಕೆ ದಿಕ್ಕಿಲ್ಲದೆ ಅಲೆಯಲೆಯಾಗಿ ಮೇಲೇಳುತ್ತದೆ. ಸೀರೆಯನ್ನು ಒಗೆದಾಗ ಮೈ ಸೆಳೆಯದೆ ಅಂಚು ಮಾತ್ರ ಸೆಳೆದುಕೊಂಡರೆ ಮೈಯೆಲ್ಲ ನಿರಿಗೆಗಟ್ಟುವುದನ್ನು ಗೃಹಿಣಿಯರು ಕಂಡಿದ್ದಾರೆ; ಇದೂ ಅದೇ. ಡೊಂಕು ಪಟ್ಟಿಯನ್ನು ಯಂತ್ರದಲ್ಲಿ ಎರಡು ಕಡೆ ಎಳೆದು ನೆಟ್ಟಗೆ ನಿಲ್ಲಿಸಿದಾಗಲೂ ಗಿಡ್ಡ ಅಂಚು ಎಳೆತವನ್ನೆಲ್ಲ ತಾನೇ ಹೊರುತ್ತದೆ, ಉದ್ದ ಅಂಚು ಸಡಿಲವಾಗಿ ಅಲೆಯೇಳುತ್ತದೆ. ನೋಡಿದವರು "ಈ ಅಂಚು ಕೆಟ್ಟಿದೆ" ಎಂದು ಅಲೆಯೆದ್ದ ಅಂಚನ್ನು ತಟ್ಟಲು ಹೊರಡುತ್ತಾರೆ. ತಟ್ಟಿದಷ್ಟೂ ಅದು ಇನ್ನೂ ಉದ್ದವಾಗುತ್ತದೆ.

ಸಾಮಾನ್ಯ ಉಕ್ಕಿಗಿಂತ ತುಕ್ಕುಹಿಡಿಯದ ಉಕ್ಕು ಈ ವಿಷಯದಲ್ಲಿ ಹೆಚ್ಚು ಹಟಮಾರಿ. 1912ರಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯವರು ಕ್ರೋಮಿಯಮ್ಮನ್ನೂ ನಿಕ್ಕಲನ್ನೂ ಬೆರೆಸಿದ ಉಕ್ಕಿಗೆ ಹಕ್ಕುಪತ್ರ ಪಡೆಯಲು ಹೊರಟರು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ಕ್ರೋಮಿಯಮ್ ಬೆರೆತ ಉಕ್ಕನ್ನು ಎರಕಹೊಯ್ದನು. ಇಂದು ಬಹುವಾಗಿ ಬಳಕೆಯಲ್ಲಿರುವ ಒಂದು ಜಾತಿಯಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಮ್ಮೂ 8 ಪಾಲು ನಿಕ್ಕಲೂ ಇರುತ್ತವೆ. ಈ ಲೋಹವನ್ನು ತಣ್ಣಗೆ ಉರುಳಿಸಿದಂತೆಲ್ಲ ಅದು ಬಲು ಬೇಗ ಗಡುಸಾಗುತ್ತದೆ; ಪೂರ್ಣವಾಗಿ ಗಡುಸುಮಾಡಿದ ಪಟ್ಟಿಯ ಬಲ ಮೊದಲಿನ ಮೂರು ನಾಲ್ಕು ಮಡಿಯಾಗುವುದುಂಟು. ಮೊದಲು ಅಯಸ್ಕಾಂತಕ್ಕೆ ಸಿಕ್ಕದಿದ್ದದ್ದು ಆಮೇಲೆ ಕೊಂಚಕೊಂಚ ಅಂಟತೊಡಗುತ್ತದೆ, ಒಳಗಿನ ಕಣರಚನೆಯೇ ಭಾಗಶಃ ಬದಲಾಗುವುದರಿಂದ. ಉರುಳಿಸುವಾಗ ಹುಟ್ಟಿದ ಶಾಖವನ್ನು ಸಾಮಾನ್ಯ ಉಕ್ಕಿನಂತೆ ಬೇಗ ಹಂಚಿಕೊಳ್ಳದು; ಬಿಸಿಗೆ ಹಿಗ್ಗುವುದೋ ಅದರ ಸುಮಾರು ಒಂದೂವರೆ ಮಡಿ. ಆದುದರಿಂದ ಒಂದಂಚಿಗೆ ತಂಪು ಕಡಮೆಯಾದರೆ ಗಿರಣಿಯಲ್ಲಿ ಕಂಡ ಆಕಾರ ಒಂದು, ಆರಿದಮೇಲೆ ಕಾಣುವ ಆಕಾರ ಇನ್ನೊಂದು.

ಇಷ್ಟು ಗಡುಸಾದ ಲೋಹವನ್ನು ತೆಳ್ಳಗೆ ಒತ್ತಬೇಕಾದರೆ ಉರುಳೆ ಸಣ್ಣದಾಗಿರಬೇಕು. ಸಣ್ಣ ಉರುಳೆಯೋ ಒತ್ತಡಕ್ಕೆ ಬಾಗುತ್ತದೆ. ಪೋಲೆಂಡಿನ ಶಿಲ್ಪಿ ತಾದೇಉಷ್ ಸೆಂಜಿಮಿರನು 1930ರ ದಶಕದಲ್ಲಿ ಇದಕ್ಕೊಂದು ಉಪಾಯ ಹೂಡಿದನು: ಸಣ್ಣ ಉರುಳೆಯ ಬೆನ್ನಿಗೆ ಎರಡು, ಅವುಗಳ ಬೆನ್ನಿಗೆ ಮೂರು, ಅವುಗಳ ಬೆನ್ನಿಗೆ ನಾಲ್ಕು, ಹೀಗೆ ಮೇಲೂ ಕೆಳಗೂ ಸೇರಿ ಇಪ್ಪತ್ತು ಉರುಳೆಗಳ ಗಿರಣಿ. ನಮ್ಮ ನೆರೆಯ ಸೇಲಂನಲ್ಲಿ 1980ರ ದಶಕದ ಆರಂಭದಲ್ಲಿ ನೆಲೆಗೊಂಡದ್ದೂ ಇದೇ ಜಾತಿಯ ಗಿರಣಿ.

ಈಗ ಶಿಷ್ಯನ ಕಾರ್ಖಾನೆಗೆ ಹಿಂದಿರುಗೋಣ. ಅಲ್ಲಿನ ಪಟ್ಟಿ 2 ಅಂಗುಲದ್ದಾಗಿ ಯಾವ ಗಿರಣಿಯಲ್ಲಿಯೂ ಹುಟ್ಟಿದ್ದಲ್ಲ. ಅಗಲವಾದ ತಾಯಿಸುರುಳಿಯನ್ನು ದುಂಡುಕತ್ತಿಗಳ ಯಂತ್ರದಲ್ಲಿ ಉದ್ದುದ್ದಕ್ಕೆ ಸೀಳಿದಾಗ ದೊರೆತದ್ದು. ಅಗಲವಾದ ತಗಡಿನಲ್ಲಿ ಅಂಚಿನ ಭಾಗ ಸ್ವಲ್ಪ ಉದ್ದ, ನಡುಭಾಗ ಸ್ವಲ್ಪ ಗಿಡ್ಡವಿದ್ದರೂ ಒಂದಕ್ಕೊಂದು ಅಂಟಿಕೊಂಡಿರುವವರೆಗೆ ಒಂದು ಇನ್ನೊಂದನ್ನು ಹಿಡಿದಿರುತ್ತದೆ; ಅವಿಭಕ್ತ ಕುಟುಂಬದಲ್ಲಿರುವಂತೆ ಮನಸ್ತಾಪ ಒಳಗೇ ಅಡಗಿರುತ್ತದೆ. ಸೀಳಿದೊಡನೆ ಪಾಲಾಯಿತು, ಒಂದೊಂದು ಪಟ್ಟಿಯೂ ತನ್ನ ಸ್ವಭಾವವನ್ನು ತೋರುತ್ತದೆ. ಎಡದ ಅಂಚಿನಿಂದ ಬಂದದ್ದು ಒಂದು ಕಡೆಗೆ ಬಾಗುತ್ತದೆ, ಬಲದ್ದು ಅದಕ್ಕೆ ಇದಿರು ದಿಕ್ಕಿಗೆ, ನಡುವಿನವು ನೆಟ್ಟಗೆ. ಇದನ್ನು ಬೇರೆ ಮಾತಿನಲ್ಲಿ ನೀವು ಆಗಲೇ ಕೇಳಿದ್ದೀರಿ: ಕೆಲವು ನನ್ನ ಕಡೆಗೆ, ಕೆಲವು ಆ ಕಡೆಗೆ, ಕೆಲವು ಸಾಧುಪ್ರಾಣಿ.

ಗೈಡಿನ ಸಂಗತಿಯೂ ಹೀಗೆಯೇ ಬಗೆಹರಿಯಿತು. ಗೈಡಿನ ಉದ್ದ 2 ಅಡಿ. ಅಷ್ಟು ಉದ್ದದಲ್ಲಿ ನಮ್ಮ ಪಟ್ಟಿಯ ಸಂದು ಅಂಗುಲದ ಮೂವತ್ತೆರಡರಲ್ಲೊಂದು. ಗೈಡನ್ನು ಬಿಗಿಯಾಗಿ ಇಟ್ಟರೆ ಪಟ್ಟಿ ಮೂರು ಕಡೆ ಒತ್ತಿ ಹಿಡಿದುಕೊಳ್ಳಲೇಬೇಕು. ಒಂದು ಕೊನೆಯನ್ನು ಡೈಗೆ ನೇರವಾಗಿ ಹಿಡಿದರೆ 8 ಅಡಿಯಾಚೆಯ ಇನ್ನೊಂದು ಕೊನೆ 2 ಅಂಗುಲ ಪಕ್ಕಕ್ಕೆ ಸರಿದಿರುತ್ತದೆ. ಆ ಹಿರಿಯರು ಗೈಡನ್ನು ಸಡಿಲಮಾಡದಿದ್ದರೆ ಕೆಲಸವೇ ನಿಲ್ಲುತ್ತಿತ್ತು. ಮಾಡಿದ್ದರಿಂದ ಪಟ್ಟಿ ಅರೆಪಾವು ಅಂಗುಲವನ್ನು ನುಂಗಿ ವಾಷರಿನ ಅಂಚನ್ನು ಕಡಿಯಿತು. ಇದರಲ್ಲಿ ಅವರು ಆರಿಸಿಕೊಳ್ಳಬಹುದಾಗಿದ್ದ ಮೂರನೆಯ ದಾರಿ ಯಾವುದೆಂದು ಶಿಷ್ಯನನ್ನು ಕೇಳಿದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಸಿದ್ಧವಾದ ಪಟ್ಟಿಯನ್ನು ತಿದ್ದಲಾಗದೇ ಎಂದು ಕೇಳಬಹುದು. ಗಿಡ್ಡ ಅಂಚನ್ನು ಮಿತಿಮೀರಿ ಎಳೆದು ಉದ್ದಮಾಡುವ ಯಂತ್ರಗಳುಂಟು. ಸ್ವಲ್ಪಮಟ್ಟಿಗೆ ಫಲವೂ ಉಂಟು. ಗಡುಸಾದ ಸ್ಟೀಲಿನಲ್ಲಿ ಅದು ಕಷ್ಟಸಾಧ್ಯ, ಚಿಕ್ಕ ಕಾರ್ಖಾನೆಯ ಶಕ್ತಿಗೆ ಮೀರಿದ್ದು. ಗಿಡ್ಡ ತಗಡುಗಳಾದರೆ ನಾಲ್ಕು ಕಡೆಯೂ ಕತ್ತರಿಸಿ ಚೌಕಮಾಡಬಹುದು, ಅಂಚು ನಷ್ಟ. ಉದ್ದ ಪಟ್ಟಿಗೆ ಆ ಉಪಾಯವಿಲ್ಲ. ಕೊಳ್ಳುವಾಗಲೇ ಅಗಲ, ದಪ್ಪಗಳ ಜೊತೆಗೆ ಅಂಚಿನ ಸಂದು ಇಷ್ಟನ್ನು ಮೀರಕೂಡದೆಂದು ಕಾಗದದಲ್ಲಿ ಬರೆಯಿಸುವುದು ಸುಲಭವಾದ ದಾರಿ. ನನ್ನ ಶಿಷ್ಯನ ಕಾಗದದಲ್ಲಿ ಅಗಲವಿತ್ತು, ದಪ್ಪವಿತ್ತು, ದರವಿತ್ತು; ಸಂದಿನ ಮಾತೇ ಇರಲಿಲ್ಲ.

ಸರಕು ಕೊಟ್ಟವರು ಮೊದಲು ಒಪ್ಪಲಿಲ್ಲ. ಆಮೇಲೆ ಒಬ್ಬರನ್ನು ಕಳುಹಿಸಿದರು. ಅವರು ಉಕ್ಕಿನ ನೇರಗೋಲನ್ನು ತಂದು, ನಾವು ದಾರ ಹಿಡಿದಲ್ಲಿಯೇ ಇಟ್ಟು ನೋಡಿ, ಅದೇ ಅರ್ಧ ಅಂಗುಲವನ್ನು ಬರೆದುಕೊಂಡು ಹೋದರು. ಆರು ಸುರುಳಿಗಳು ಹಿಂದಕ್ಕೆ ಹೋದುವು. ಕಾಗದದಲ್ಲಿ ಬರೆದಿರಲಿಲ್ಲವಾದ್ದರಿಂದ ಹಾಳಾದ ವಾಷರುಗಳ ಬೆಲೆ ಬರಲಿಲ್ಲ. ಹಿರಿಯರಿಗೆ ಹಿಡಿದಿದ್ದ ಸಂಬಳವನ್ನು ದೀಪಾವಳಿಯ ಹಿಂದಿನ ದಿನ ಕೊಟ್ಟರೆಂದು ತಿಳಿದೆನು.

ಮತ್ತೆ ನಾನು ಅಲ್ಲಿಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಅವರು ತಮ್ಮ ಪ್ರೆಸ್ಸಿನ ಮುಂದೆ ಇದ್ದರು. ಪಕ್ಕದ ನೆಲದಲ್ಲಿ ಸರಿಯಾಗಿ 8 ಅಡಿ ಅಂತರದಲ್ಲಿ ಎರಡು ಮೊಳೆಗಳನ್ನು ಹೊಡೆದು ದಾರ ಕಟ್ಟಿದ್ದರು. ಹೊಸ ಸುರುಳಿ ಬಂದೊಡನೆ ತುದಿಯನ್ನು ಅಲ್ಲಿ ಮಲಗಿಸಿ ನೋಡಿ, ಸೀಮೆಸುಣ್ಣದಿಂದ ಸುರುಳಿಯ ಮೇಲೆ ಒಂದು ಬಾಣ ಬರೆಯುತ್ತಾರೆ: ಒಳಗಡೆಗೆ, ಹೊರಗಡೆಗೆ. ನೆಟ್ಟಗಿರುವುದಕ್ಕೆ ಏನೂ ಬರೆಯುವುದಿಲ್ಲ. ನಾನು ಹೋದ ದಿನ ಒಂಬತ್ತು ಸುರುಳಿಗಳಿದ್ದುವು. ಎರಡರ ಮೇಲೆ ಬಾಣವಿತ್ತು.